ಜೋಡಿಸಿಟ್ಟ ಸರಕು, ಕೊಳ್ಳುವವನ ಸಂಕಲ್ಪ

ಅಂಗಡಿಯಲ್ಲಿ ಸರಕು ಇಟ್ಟಿರುವ ಜಾಗವೇ ಕೊಳ್ಳುವವನ ಕೈಯನ್ನು ಸೆಳೆಯುವುದಾದರೆ ಆ ಆಯ್ಕೆಯ ಕರ್ತೃ ಯಾರು? ಸಂಕಲ್ಪ ಸ್ವಾತಂತ್ರ್ಯದ ಹಳೆಯ ಚರ್ಚೆ ಈ ಪ್ರಶ್ನೆಯಲ್ಲಿ ದಿನಬಳಕೆಯ ರೂಪ ತಾಳುತ್ತದೆ.

ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ, ಹಳೆಯ ಬಗೆಯ ದಿನಸಿ ಅಂಗಡಿಯಲ್ಲಿ ಸರಕೆಲ್ಲ ಗಲ್ಲಾಪೆಟ್ಟಿಗೆಯ ಆಚೆ ಇರುತ್ತದೆ. ಗಿರಾಕಿ ಚೀಟಿ ಕೊಡುತ್ತಾನೆ, ಅಂಗಡಿಯವರು ತೂಗಿ ಕಟ್ಟಿಕೊಡುತ್ತಾರೆ. ಏನು ಬೇಕೆಂಬ ತೀರ್ಮಾನ ಬಹುಪಾಲು ಮನೆಯಲ್ಲೇ ಆಗಿರುತ್ತದೆ. ಗಿರಾಕಿಯೇ ಕಪಾಟುಗಳ ನಡುವೆ ಓಡಾಡಿ ಬೇಕಾದ್ದನ್ನು ಎತ್ತಿಕೊಳ್ಳುವ ಪದ್ಧತಿಗೆ 1916ರಲ್ಲಿ ಅಮೆರಿಕದ ಮೆಂಫಿಸ್ ನಗರದ ಪಿಗ್ಲಿ ವಿಗ್ಲಿ ಅಂಗಡಿ ದಾರಿ ಮಾಡಿತು. ಸೂಪರ್‌ ಮಾರ್ಕೆಟ್ಟಿನಲ್ಲಿ ಆ ತೀರ್ಮಾನವೂ ಒಳಗೇ ನಡೆಯುತ್ತದೆ. ಹೆಚ್ಚು ಲಾಭದ ಸರಕು ಕಣ್ಣಿನ ಮಟ್ಟಕ್ಕೆ ಬರುತ್ತದೆ, ಚಾಕೊಲೇಟು ಬಿಲ್ಲಿಂಗ್ ಕೌಂಟರಿನ ಪಕ್ಕ ಮಗುವಿನ ಕೈಗೆ ಎಟಕುತ್ತದೆ.

ಮನೋವಿಜ್ಞಾನಿಗಳಾದ ನಿಸ್ಬೆಟ್ ಮತ್ತು ವಿಲ್ಸನ್ 1977ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಮುಖ್ಯ. ಒಂದೇ ತರಹದ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟು ಉತ್ತಮವಾದುದನ್ನು ಆರಿಸಲು ಹೇಳಿದಾಗ ಬಲತುದಿಯದನ್ನು ಶೇ. 40 ಮಂದಿ ಆರಿಸಿದರು, ಎಡತುದಿಯದನ್ನು ಶೇ. 12. ಕಾರಣ ಕೇಳಿದರೆ ಇಟ್ಟ ಜಾಗದ ಮಾತನ್ನು ಯಾರೂ ಎತ್ತಲಿಲ್ಲ. ಸೆಳೆತಕ್ಕಿಂತ ಗಂಭೀರವಾದದ್ದು ಈ ಅರಿವಿಲ್ಲದಿರುವಿಕೆ.

ಭಗವದ್ಗೀತೆಯ ಎರಡನೆಯ ಅಧ್ಯಾಯ (62–63) ಸೆಳೆತ ಬೆಳೆಯುವ ಸರಪಳಿಯನ್ನು ಬಿಡಿಸಿಡುತ್ತದೆ: ವಿಷಯಚಿಂತನೆಯಿಂದ ಸಂಗ, ಸಂಗದಿಂದ ಕಾಮ, ಹೀಗೆ ಮುಂದುವರಿದು ಕೊನೆಗೆ ಬುದ್ಧಿನಾಶ. ಅಂಗಡಿಯ ಜೋಡಣೆ ಹಿಡಿಯುವುದು ಮೊದಲ ಕೊಂಡಿಯನ್ನೇ. ಕೈ ಚಾಚುವ ಹೊತ್ತಿಗೆ ತಡವಾಗಿರುತ್ತದೆ. ಸ್ವಾತಂತ್ರ್ಯಕ್ಕೆ ಎಡೆಯಿರುವುದು ಅದಕ್ಕೂ ಮೊದಲು. ಕಠೋಪನಿಷತ್ತಿನಲ್ಲಿ ಯಮನು ಆನೆ, ಕುದುರೆ, ಹೊನ್ನು, ದೀರ್ಘಾಯುಷ್ಯಗಳನ್ನು ಮುಂದಿಟ್ಟರೂ ನಚಿಕೇತ ಕದಲಲಿಲ್ಲ, ಏಕೆಂದರೆ ತನಗೆ ಬೇಕಾದದ್ದನ್ನು ಅವನು ಆಗಲೇ ನಿಶ್ಚಯಿಸಿದ್ದ. ಪ್ರಿಯವಾದ ಪ್ರೇಯಸ್ಸು ಎದುರಿಗಿದ್ದ ಮಾತ್ರಕ್ಕೆ ಒಳಿತಾದ ಶ್ರೇಯಸ್ಸಿನ ಆಯ್ಕೆ ಅಸಾಧ್ಯವಾಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಆದರೆ ಎಲ್ಲರಿಂದಲೂ ನಚಿಕೇತನ ದೃಢತೆಯನ್ನು ಬಯಸುವುದು ನ್ಯಾಯವಲ್ಲ. ಕೆಜಿಎಫ್‌ನ ದುಡಿಯುವವರನ್ನೇ ನೋಡಿ. 2001ರ ಫೆಬ್ರವರಿ 28ರಂದು ಅಲ್ಲಿನ ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಕೆಜಿಎಫ್‌ನ ಸಾವಿರಾರು ಜನರ ದುಡಿಮೆ ಬೆಂಗಳೂರಿನಲ್ಲಿ. ಮಾರಿಕುಪ್ಪಂ, ಚಾಂಪಿಯನ್ ನಿಲ್ದಾಣಗಳಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಮೇಲೆ ಹಾದು ದಿನವೂ ಹೋಗಿಬರಬೇಕು. ರಾತ್ರಿ ದಣಿದು ಇಳಿದು, ಮನೆಗೆ ಸಾಮಾನು ಒಯ್ಯುವವರಿಗೆ ಕೆಳಸಾಲಿನ ಪೊಟ್ಟಣದ ಬೆಲೆ ಹುಡುಕುವಷ್ಟು ಬಿಡುವು ಎಲ್ಲಿಯದು? ಸ್ವಾತಂತ್ರ್ಯ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವುದಿಲ್ಲ.

ಕಣ್ಣಿನ ಮಟ್ಟದಲ್ಲಿ ಏನಾದರೊಂದನ್ನು ಇಡಲೇಬೇಕು, ನಿಜ. ತಟಸ್ಥ ಜೋಡಣೆ ಎಂಬುದಿಲ್ಲ. ಆದರೂ ಮಾತಿನಿಂದ ಒಲಿಸುವವನಿಗೆ ಎದುರುತ್ತರ ಕೊಡಬಹುದು, ಗಮನಕ್ಕೇ ಬಾರದ ಜೋಡಣೆಗೆ ಕೊಡಲಾಗದು. ಆದ್ದರಿಂದ ಹೊಣೆಯಲ್ಲಿ ಜೋಡಿಸಿದವನಿಗೂ ಪಾಲಿದೆ; ಮಗುವಿನ ಕೈಮಟ್ಟದಲ್ಲಿ ಇಟ್ಟ ಸರಕಿನ ಹೊಣೆಯಂತೂ ಪೂರ್ತಿ ಅವನದೇ.