ಸುಳ್ಳು ಚಳಿಗಾಲ

ಬಂಗಾಳದ್ದಲ್ಲದ ಒಂದು ಹೂವನ್ನು ಫ್ರೆಂಚರು ಬಂಗಾಳದ ಗುಲಾಬಿ ಎಂದೇ ಕರೆದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರೆಡೂಟೆ ಬಿಡಿಸಿದ ಗುಲಾಬಿ ಚಿತ್ರಗಳ ಕೆಳಗೂ ಆ ಹೆಸರು ಕಾಣುತ್ತದೆ. ಹುಟ್ಟಿನಿಂದ ಅದು ಚೀನಾದ್ದು. ಕ್ಯಾಂಟನ್ ಬಂದರಿನ ನರ್ಸರಿಗಳಲ್ಲಿ ಕುಂಡದಲ್ಲಿ ಬೆಳೆದು, ಈಸ್ಟ್ ಇಂಡಿಯಾ ಕಂಪನಿಯ ಹಡಗು ಹತ್ತಿ, ಹೂಗ್ಲಿ ದಂಡೆಯಲ್ಲಿ ಇಳಿದು ಸುಧಾರಿಸಿಕೊಂಡ ಗಿಡಗಳು ಮುಂದೆ ಯೂರೋಪಿನ ದಾರಿ ಹಿಡಿದವು ಎನ್ನುತ್ತಾರೆ. ತಂಗಿದ ಊರಿನ ಹೆಸರೇ ಅಂಟಿಕೊಂಡಿತು. ಅದೇ ದಂಡೆಯಲ್ಲಿ ರಾಬರ್ಟ್ ಕಿಡ್ 1787ರಲ್ಲಿ ಶುರುಮಾಡಿದ ಶಿಬ್‌ಪುರದ ಸಸ್ಯೋದ್ಯಾನ ಈಗ ಜಗದೀಶಚಂದ್ರ ಬೋಸರ ಹೆಸರಿನಲ್ಲಿದೆ. ಹೋದವರೆಲ್ಲ ದೊಡ್ಡ ಆಲದ ಮರ ನೋಡಿ ವಾಪಸಾಗುತ್ತಾರೆ. ಗುಲಾಬಿಯ ವಿಚಾರ ಯಾರಿಗೂ ನೆನಪಿಲ್ಲ. 1793ರಿಂದ ಇಪ್ಪತ್ತು ವರ್ಷ ಆ ಉದ್ಯಾನದ ಮೇಲ್ವಿಚಾರಕನಾಗಿದ್ದ ವಿಲಿಯಂ ರಾಕ್ಸ್‌ಬರೋ ತನ್ನ ತೋಟದ ಗಿಡಗಳನ್ನೆಲ್ಲ ಪಟ್ಟಿಮಾಡಿದ. ಆ ಪಟ್ಟಿಯನ್ನು 1814ರಲ್ಲಿ ಸೀರಾಂಪುರದ ಮುದ್ರಣಾಲಯದಲ್ಲಿ ಅಚ್ಚುಹಾಕಿಸಿದವನು ವಿಲಿಯಂ ಕೇರಿ. ನಮಗೆ ಕನ್ನಡ ವ್ಯಾಕರಣದ ಪುಸ್ತಕ ಬರೆದುಕೊಟ್ಟ ಅದೇ ಪಾದ್ರಿ. ಗಿಡಗಳ ಹುಚ್ಚು ಅವನಿಗೆ ಎಷ್ಟಿತ್ತೆಂದರೆ 1820ರಲ್ಲಿ ಕೋಲ್ಕತ್ತದ ಕೃಷಿ ಮತ್ತು ತೋಟಗಾರಿಕಾ ಸಂಘವನ್ನೂ ಅವನೇ ಕಟ್ಟಿದ. ಅಲಿಪುರದಲ್ಲಿರುವ ಅದರ ತೋಟಕ್ಕೆ ಚಳಿಗಾಲದಲ್ಲಿ ಈಗಲೂ ಜನ ಹೂ ನೋಡಲು ಹೋಗುತ್ತಾರೆ.

ಚೀನಾದ ಈ ಗುಲಾಬಿ ನೋಡಲು ಸಾಧಾರಣ. ಸಣಕಲು ರೆಂಬೆ, ತೆಳು ಎಸಳು, ಅಷ್ಟೇನೂ ಇಲ್ಲದ ಪರಿಮಳ. ಆದರೂ ಯೂರೋಪು ಬೆರಗಾಯಿತು. ಅಲ್ಲಿನ ಗುಲಾಬಿಗಳು ಬೇಸಿಗೆಯ ಮೊದಲಲ್ಲಿ ಒಮ್ಮೆ ಮೈತುಂಬ ಅರಳಿದರೆ ಮುಗಿಯಿತು, ಮತ್ತೆ ಹೂ ಕಾಣಲು ಮುಂದಿನ ವರ್ಷವೇ ಆಗಬೇಕು. ಡಮಾಸ್ಕ್ ಜಾತಿಯ ಒಂದು ತಳಿ ಮಾತ್ರ ಶರತ್ಕಾಲದಲ್ಲಿ ಜಿಪುಣತನದಿಂದ ಇನ್ನೊಂದಷ್ಟು ಬಿಡುತ್ತಿತ್ತು. ಈ ಪರದೇಶಿ ಗಿಡ ಹಾಗಲ್ಲ. ಒಂದು ಕುಡಿ ಅರಳಿ ಉದುರುವಷ್ಟರಲ್ಲಿ ಪಕ್ಕದ ಕಣ್ಣಿನಿಂದ ಇನ್ನೊಂದು ಕುಡಿ, ಅದರ ತುದಿಯಲ್ಲಿ ಮತ್ತೆ ಮೊಗ್ಗು. ನಿಲ್ಲಿಸುವುದೇ ಇಲ್ಲ. ಇವತ್ತು ಹೂವಿನಂಗಡಿಯಲ್ಲಿ ಸಿಗುವ ಹೆಚ್ಚುಕಡಿಮೆ ಎಲ್ಲ ಗುಲಾಬಿಯ ಮೈಯಲ್ಲೂ ಇದರ ರಕ್ತವಿದೆ.

ಯಾಕೆ ನಿಲ್ಲಿಸುವುದಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿದ್ದು ತೀರ ಈಚೆಗೆ, 2012ರಲ್ಲಿ, ಫ್ರಾನ್ಸ್ ಮತ್ತು ಜಪಾನಿನ ವಿಜ್ಞಾನಿಗಳಿಂದ. ಕಾಡುಗುಲಾಬಿಯಲ್ಲಿ ಒಂದು ಜೀನ್ ಇದೆ. ವಸಂತದ ಹೂ ಮುಗಿದ ಮೇಲೆ ಅದು ಎಚ್ಚತ್ತು, ಇನ್ನು ಮೊಗ್ಗು ಸಾಕು, ಎಲೆ ಬೆಳೆಸು, ಕಾಂಡ ಬಲಿಸು ಎಂದು ಗಿಡಕ್ಕೆ ಅಪ್ಪಣೆ ಕೊಡುತ್ತದೆ. ಚೀನಾದ ಗುಲಾಬಿಯಲ್ಲಿ, ಯಾವ ಕಾಲದಲ್ಲೋ, ಜಾಗ ಬದಲಿಸುತ್ತ ಓಡಾಡುವ ಡಿಎನ್ಎ ತುಣುಕೊಂದು ಬಂದು ಆ ಜೀನಿನ ನಡುವೆಯೇ ಕೂತುಬಿಟ್ಟಿದೆ. ಬಾಗಿಲ ಸಂದಿಗೆ ಚಪ್ಪಲಿ ಸಿಕ್ಕಿಕೊಂಡಂತೆ. ಮುಚ್ಚಬೇಕಾದ್ದು ಮುಚ್ಚುತ್ತಿಲ್ಲ. ಸಾವಿರ ವರ್ಷಕ್ಕೂ ಹಿಂದೆ ಚೀನಾದ ಯಾವನೋ ತೋಟಗಾರ ಇಂಥದೊಂದು ಗಿಡವನ್ನು ಕಂಡು, ಕಿತ್ತೆಸೆಯದೆ, ಕಡ್ಡಿ ನೆಟ್ಟು ಉಳಿಸಿಕೊಂಡಿರಬೇಕು. ಕೆಟ್ಟುಹೋದ ಒಂದು ಅಪ್ಪಣೆಯ ಮೇಲೆ ಜಗತ್ತಿನ ಹೂವಿನ ವ್ಯಾಪಾರವೇ ನಿಂತಿದೆ ಎಂದು ಯೋಚಿಸಿದರೆ ಮಲ್ಲಿಕ್ ಘಾಟ್‌ನ ಸಂತೆಯಲ್ಲಿ ಹೌರಾ ಸೇತುವೆಯ ಕೆಳಗೆ ರಾಶಿಬಿದ್ದ ಕೆಂಪು ಮೊಗ್ಗುಗಳನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಇದಕ್ಕೊಂದು ಬೆಲೆಯೂ ಇತ್ತು. ನಿಲ್ಲಿಸಲು ಬಾರದ ಗಿಡಕ್ಕೆ ಮಲಗಲೂ ಬರುವುದಿಲ್ಲ. ಅಕ್ಟೋಬರ್ ಕಳೆದರೂ ಎಳೆ ಚಿಗುರು ಹೊರಡಿಸುತ್ತಲೇ ಇರುತ್ತದೆ. ಹಿಮ ಬಿದ್ದ ಮೊದಲ ರಾತ್ರಿ ಆ ಚಿಗುರು ಕಪ್ಪಾಗುತ್ತದೆ, ಚಳಿ ಗಟ್ಟಿಯಾದರೆ ಬುಡವೇ ಹೋಗುತ್ತದೆ. ಚೀನಾದ ರಕ್ತ ಬೆರೆತು ಚೆಲುವಾದ ಗುಲಾಬಿಗಳು ಉತ್ತರದ ದೇಶಗಳಲ್ಲಿ ಹುಲ್ಲು ಹೊದಿಸಿಕೊಂಡು, ಮಣ್ಣು ಏರಿಸಿಕೊಂಡು ಬದುಕುವ ಗತಿಗೆ ಬಂದವು. ಆಗ ತಳಿಗಾರರು ಹಿಂದಕ್ಕೆ ನಡೆಯಬೇಕಾಯಿತು, ಚಳಿಯ ನೆನಪು ಇನ್ನೂ ಉಳಿದಿರುವ ಕಾಡುಜಾತಿಗಳ ಕಡೆಗೆ. ಜಪಾನ್, ಕೊರಿಯಾ, ಪೂರ್ವ ಸೈಬೀರಿಯಾದ ಕಡಲತೀರದ ಮರಳಲ್ಲಿ ಬೆಳೆಯುವ ಸುಕ್ಕೆಲೆಯ ರೂಗೋಸ ಅಂಥದ್ದು. ಅದರದೊಂದು ಮಿಶ್ರತಳಿ ಜರ್ಮನಿಯ ವಿಲ್ಹೆಲ್ಮ್ ಕಾರ್ಡೆಸ್ ಬಳಿ ವರ್ಷಾನುಗಟ್ಟಲೆ ಬೀಜ ಕಟ್ಟದೆ ನಿಂತಿತ್ತು. ಕೊನೆಗೆ ಎಲ್ಲೋ ಎರಡು ಸಸಿ ಎದ್ದವು. ಒಂದನ್ನು ಚಳಿ ಕೊಂದಿತು. ಉಳಿದದ್ದರಲ್ಲಿ ವರ್ಣತಂತುಗಳು ತಾವಾಗಿಯೇ ಎರಡುಪಟ್ಟಾಗಿದ್ದವು. ಹಾಗೆ ಆದದ್ದರಿಂದಲೇ ಅದು ಬೀಜ ಕಟ್ಟಿತು. ಯಾರೂ ಮಾಡಿದ್ದಲ್ಲ.

ಆ ಒಂದೇ ಸಸಿಯ ಸಂತಾನವನ್ನು ಕೆನಡಾದ ಒಟ್ಟಾವಾದಲ್ಲಿ ಕೈಗೆತ್ತಿಕೊಂಡವಳು ಫೆಲಿಸಿಟಾಸ್ ಸ್ವೇಡಾ, ವಿಯೆನ್ನಾದಲ್ಲಿ ಹುಟ್ಟಿದ ವಿಜ್ಞಾನಿ. ಸರ್ಕಾರಿ ಸಂಶೋಧನಾ ತೋಟದಲ್ಲಿ 1960ರ ದಶಕದಿಂದ ಅವಳು ಮಾಡಿದ್ದು ಕೇಳಲು ಬಹಳ ಸರಳ: ಸಸಿಗಳನ್ನು ಬಯಲಲ್ಲಿ ನೆಡುವುದು, ಚಳಿಗೆ ಏನನ್ನೂ ಹೊದಿಸದಿರುವುದು, ಬದುಕಿದ್ದನ್ನು ಉಳಿಸಿಕೊಳ್ಳುವುದು. ಹಾಗೆ ಉಳಿದವಕ್ಕೆ ಕೆನಡಾದ ತೀರಗಳನ್ನು ಶೋಧಿಸಿದ ನಾವಿಕರ ಹೆಸರಿಟ್ಟರು. 1978ರಲ್ಲಿ ಜಾನ್ ಕ್ಯಾಬಟ್, 1983ರಲ್ಲಿ ವಿಲಿಯಂ ಬಾಫಿನ್. ಸೊನ್ನೆಗಿಂತ ಮೂವತ್ತೈದು ಡಿಗ್ರಿ ಕೆಳಗೆ ಹೋದರೂ ಎದ್ದು ಬರುವ ಪೊದೆಗಳು. ವಿನಿಪೆಗ್‌ನಲ್ಲಿರುವ ನನ್ನ ಅಕ್ಕನ ಮಗಳ ಹಿತ್ತಿಲಲ್ಲಿ ಬಾಫಿನ್ ಇದೆ. ಕಸಿ ಮಾಡಿದ್ದಲ್ಲ, ತನ್ನದೇ ಬೇರಿನ ಮೇಲೆ ನಿಂತದ್ದು. ಮೇಲಿನ ಕಡ್ಡಿಗಳು ಸತ್ತರೂ ನೆಲದಡಿಯಿಂದ ಬರುವ ಚಿಗುರು ಅದೇ ಬಾಫಿನ್ ಆಗಿರುತ್ತದೆ ಎಂಬ ಕಾರಣಕ್ಕೆ. ಮಾರ್ಚ್‌ನಲ್ಲಿ ಅವಳು ಕಳಿಸುವ ಫೋಟೊದಲ್ಲಿ ಹಿಮದ ಗುಡ್ಡೆಯಿಂದ ನಾಲ್ಕು ಮುಳ್ಳುಕಡ್ಡಿ ಚಾಚಿರುತ್ತವೆ, ಅಷ್ಟೆ. ಇಲ್ಲಿ ಕೋಲ್ಕತ್ತದ ನಮ್ಮ ತಾರಸಿಯಲ್ಲಿ ಆಗ ಆ ವರ್ಷದ ಕಡೆಯ ಹೂಗಳು ಬಿಸಿಲಿಗೆ ಬಾಡುತ್ತಿರುತ್ತವೆ.

ಆ ಕಡ್ಡಿಗಳ ಒಳಗೆ ನಡೆದಿರುವುದು ನನಗೆ ಹೂವಿಗಿಂತ ದೊಡ್ಡ ವಿಸ್ಮಯ. ಚಳಿ ಬಂದ ಮೇಲೆ ತಯಾರಾದರೆ ತಡವಾಯಿತು ಎಂಬುದು ಗಿಡಕ್ಕೆ ಗೊತ್ತು. ಅದು ಹಗಲು ಗಿಡ್ಡವಾಗುವುದನ್ನು ಲೆಕ್ಕವಿಡುತ್ತದೆ. ಕತ್ತಲು ಉದ್ದವಾಗುತ್ತಿದ್ದಂತೆ ಬೆಳೆಯುವುದನ್ನು ಬಿಟ್ಟು ಜೀವಕೋಶಗಳಲ್ಲಿ ಸಕ್ಕರೆ ಕೂಡಿಡುತ್ತದೆ, ನೀರನ್ನು ಕೋಶದಿಂದ ಆಚೆ, ಎರಡು ಕೋಶಗಳ ನಡುವಿನ ತೆರವಿಗೆ ದಾಟಿಸುತ್ತದೆ. ಮಂಜುಗಡ್ಡೆ ಕಟ್ಟುವುದಾದರೆ ಅಲ್ಲಿ ಕಟ್ಟಲಿ, ಒಳಗೆ ಬೇಡ. ಒಳಗೆ ಕಟ್ಟಿದರೆ ಹರಳಿನ ಚೂಪಿಗೆ ಪೊರೆ ಹರಿದು ಕೋಶ ಸಾಯುತ್ತದೆ. ಕಡ್ಡಿಯ ತುಂಬ ಮಂಜು, ಆದರೂ ಕಡ್ಡಿಗೆ ಜೀವವಿದೆ. ಕಣ್ಣಿಲ್ಲದ ಒಂದು ಮುಳ್ಳುಪೊದೆ ಹಗಲನ್ನು ಅಳೆದು, ಇನ್ನೂ ಬಾರದ ಹಿಮಕ್ಕೆ ಜಾಗ ಮಾಡಿಟ್ಟುಕೊಳ್ಳುತ್ತದಲ್ಲ, ಇದನ್ನು ಬುದ್ಧಿ ಎನ್ನಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಆದರೆ ತಲೆ ತಗ್ಗಿಸಬೇಕು ಅನ್ನಿಸುತ್ತದೆ.

ವಿನಿಪೆಗ್‌ನಲ್ಲಿ ಡಿಸೆಂಬರಿನ ಅತಿ ಗಿಡ್ಡ ಹಗಲು ಎಂಟು ಗಂಟೆಯದು. ಕೋಲ್ಕತ್ತದಲ್ಲಿ ಹತ್ತೂಮುಕ್ಕಾಲು. ಇಲ್ಲಿ ತಾಪ ಹನ್ನೆರಡು ಡಿಗ್ರಿಗೆ ಇಳಿದರೆ ಪತ್ರಿಕೆಗಳು ಸುದ್ದಿ ಮಾಡುತ್ತವೆ, ಗಂಡಸರೆಲ್ಲ ಮಂಕಿಟೋಪಿಯೊಳಗೆ ಮಾಯವಾಗುತ್ತಾರೆ, ಮಿಠಾಯಿ ಅಂಗಡಿಗಳಿಗೆ ಖರ್ಜೂರದ ಹೊಸ ಬೆಲ್ಲ ಬರುತ್ತದೆ. ಗುಲಾಬಿಗೆ ಇದು ಚಳಿಗಾಲವೇ ಅಲ್ಲ. ಇದು ಅದರ ವಸಂತ. ಆದರೆ ವಸಂತಕ್ಕೆ ಮೊದಲು ಒಂದು ನಿದ್ದೆ ಬೇಕಲ್ಲ, ಅದನ್ನು ಈ ಊರು ಕೊಡುವುದಿಲ್ಲ. ಹಾಗಾಗಿ ಮಾಲಿ ಕೊಡುತ್ತಾನೆ.

ಲೇಕ್ ಮಾರ್ಕೆಟ್ ಹತ್ತಿರ, ಬಾಳೆಲೆ ಕಾಫಿಪುಡಿ ಮಲ್ಲಿಗೆದಂಡೆ ಸಿಗುವ, ದಕ್ಷಿಣದವರು ತಲೆಮಾರುಗಳಿಂದ ನೆಲೆಸಿರುವ ಓಣಿಗಳಲ್ಲಿ ನಮ್ಮ ಮನೆ. ಮೇದಿನೀಪುರದ ಕಡೆಯ ಒಬ್ಬ ಮುದುಕ ಮಾಲಿ ಸುತ್ತಲ ತಾರಸಿಗಳ ಕುಂಡಗಳನ್ನೆಲ್ಲ ನೋಡಿಕೊಳ್ಳುತ್ತಾನೆ. ದುರ್ಗೆಯನ್ನು ಗಂಗೆಗೆ ಬಿಟ್ಟುಬಂದ ಮೇಲೆ ಅವನ ಹಂಗಾಮು. ಮೊದಲು ನೀರು ನಿಲ್ಲಿಸುತ್ತಾನೆ. ಆಮೇಲೆ ಸಣ್ಣ ಕುರ್ಪಿಯಿಂದ ಬುಡದ ಮಣ್ಣನ್ನು ಬಿಡಿಸಿ, ಮೇಲಿನ ಬೇರುಗಳು ಗಾಳಿಗೆ ಬಿಸಿಲಿಗೆ ಕಾಣುವಂತೆ ಮಾಡಿ ಒಂದು ವಾರ, ಹತ್ತು ದಿನ ಹಾಗೇ ಬಿಡುತ್ತಾನೆ. ಎಲೆ ಹಳದಿಯಾಗಿ ಉದುರುತ್ತದೆ. ಗಿಡ ಸತ್ತೇಹೋಯಿತು ಎಂದು ಹೊಸಬರು ಗಾಬರಿಯಾಗುವ ಹೊತ್ತಿಗೆ ಕತ್ತರಿ ತಂದು ಅರ್ಧಕ್ಕರ್ಧ ಸವರಿ, ಗೊಬ್ಬರ ಬೆರೆಸಿದ ಹೊಸ ಮಣ್ಣು ತುಂಬಿ, ನೀರು ಹಾಯಿಸುತ್ತಾನೆ. ಆಮೇಲೆ ದಿನಗಟ್ಟಲೆ ಕೊಳೆಸಿದ ಸಾಸಿವೆ ಹಿಂಡಿಯ ನೀರು. ಖೋಲ್ ಎನ್ನುತ್ತಾರೆ, ಅದರ ವಾಸನೆಯ ಬಗ್ಗೆ ಕೆಳಗಿನ ಮನೆಯವರನ್ನು ಕೇಳಬೇಕು. ಸವರಿದ ಮೇಲೆ ಆರೇಳು ವಾರಕ್ಕೆ, ಕ್ರಿಸ್‌ಮಸ್ ಹೊತ್ತಿಗೆ, ಅಂಗೈಯಗಲದ ಹೂಗಳು.

ಬೇರು ಬಿಡಿಸುವುದರಿಂದ ಗಿಡಕ್ಕೆ ಪೆಟ್ಟಾಗುತ್ತದೆ, ಬೇಕಾಗಿಲ್ಲ, ಸವರಿದರೆ ಸಾಕು ಎಂದು ಈಗಿನ ತಜ್ಞರು ಬಹಳ ಮಂದಿ ಹೇಳುತ್ತಾರೆ. ಅವರು ಹೇಳುವುದೇ ಸರಿಯಿರಬಹುದು. ಆದರೂ ಈ ಕ್ರಮವನ್ನು ಮೊದಲು ಯೋಚಿಸಿದವನ ಕಲ್ಪನೆ ನನ್ನನ್ನು ಬಿಡುವುದಿಲ್ಲ. ಹಿಮವನ್ನೇ ಕಂಡಿರದ ಬಯಲುಸೀಮೆಯಲ್ಲಿ, ಮೂವತ್ತು ಡಿಗ್ರಿ ಸೆಕೆಯಲ್ಲಿ, ಒಂದು ಕುರ್ಪಿಯಿಂದ ಗಿಡಕ್ಕೆ ಚಳಿಗಾಲವನ್ನು ನಟಿಸಿ ತೋರಿಸುವುದು. ಗಿಡ ಅದನ್ನು ನಂಬುತ್ತದೆ ಎಂಬುದು ಇನ್ನೂ ಸೋಜಿಗ. ಮರೆತೇಹೋದದ್ದು ಎಂದುಕೊಂಡ ನಿದ್ದೆ ಅದರ ಮೈಯ ಯಾವುದೋ ಮೂಲೆಯಲ್ಲಿ ಇನ್ನೂ ಇದೆ ಎಂದಾಯಿತು.

ಮಾಲಿಗೆ ವಿನಿಪೆಗ್‌ನ ಫೋಟೊ ತೋರಿಸಿದ್ದೆ. ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಹಿಮವನ್ನು ನೋಡಿದ. ಅಲ್ಲಿ ಬೇರು ಬಿಡಿಸುವವರು ಯಾರು ಎಂದು ಕೇಳಿದ. ಯಾರೂ ಇಲ್ಲ, ಚಳಿಯೇ ಎಲ್ಲ ಮಾಡುತ್ತದೆ ಎಂದೆ. ಹೂವು ಎಷ್ಟು ದಿನ? ಜೂನ್ ಕಡೆಯಿಂದ ಸೆಪ್ಟೆಂಬರ್ ತನಕ ಎಂದೆ. ತನ್ನ ಡಿಸೆಂಬರ್–ಮಾರ್ಚನ್ನು ಬೆರಳಲ್ಲಿ ಎಣಿಸಿ, ಎರಡೂ ಒಂದೇ ಆಯಿತಲ್ಲ ಎಂದು ಫೋನು ವಾಪಸು ಕೊಟ್ಟ.

ಬಾಫಿನ್‌ನಂಥ ಪೊದೆಯನ್ನು ಇಲ್ಲಿ ತಂದು ನೆಡುವ ಆಸೆ ನನಗೂ ಇತ್ತು. ಈಗಿಲ್ಲ. ಉದ್ದ ರಾತ್ರಿಯನ್ನು ಕಾದು ಕೂರುವ ಗಿಡಕ್ಕೆ ಆ ರಾತ್ರಿ ಬಾರದ ಊರಿನಲ್ಲಿ, ಬೇರು ಕೊಳೆಸುವ ಆಷಾಢದಲ್ಲಿ, ಹಿಂಸೆ. ಚಳಿಯ ಗುಲಾಬಿ ನೋಡಬೇಕೆನಿಸಿದರೆ ಇಲ್ಲಿಂದ ಒಂದು ರಾತ್ರಿಯ ರೈಲು ಹತ್ತಿ ಸಿಕ್ಕಿಮಿನ ಎತ್ತರಕ್ಕೆ ಹೋಗಬಹುದು. ಅಲ್ಲಿನ ಸೆರಿಸಿಯ ಎಂಬ ಕಾಡುಗುಲಾಬಿಗೆ ಸಾಮಾನ್ಯವಾಗಿ ನಾಲ್ಕೇ ಎಸಳು. ಕಾಡುಗುಲಾಬಿ ಎಂದರೆ ಐದು ಎಸಳು ಎಂದು ಕಲಿತ ಕಣ್ಣು ಒಂದು ಕ್ಷಣ ತಡವರಿಸುತ್ತದೆ.

ಬಂಗಾಳದ ಬಯಲಿಗೆ ತನ್ನದೇ ಆದ ಗುಲಾಬಿ ಬೇರೆ ಇದೆ. ಬಿಳಿ ಹೂವಿನ ಕ್ಲೈನೋಫಿಲ್ಲ. ಸಸ್ಯಶಾಸ್ತ್ರದ ಹಳೆಯ ಪುಸ್ತಕಗಳಲ್ಲಿ ಇನ್ವೊಲುಕ್ರೇಟ ಎಂಬ ಇನ್ನೊಂದು ಹೆಸರಿನ ಜೊತೆ ರಾಕ್ಸ್‌ಬರೋನ ಹೆಸರು ಸೇರಿಕೊಂಡಿರುವುದು ಇದಕ್ಕೇ. ಹಿಮದ ಗೊಡವೆ ಇದಕ್ಕಿಲ್ಲ. ಹೊಳೆದಂಡೆಯಲ್ಲಿ, ಜೌಗಿನಲ್ಲಿ ಬೆಳೆಯುತ್ತದೆ. ಮಳೆಗಾಲದಲ್ಲಿ ಬುಡ ನೀರಲ್ಲಿ ಮುಳುಗಿದರೂ ಸಾಯುವುದಿಲ್ಲ. ಕೊಡೈಕೆನಾಲ್‌ನ ವೀರರಾಘವನ್, ಐಎಎಸ್ ಕೆಲಸ ಬಿಟ್ಟು ಗುಲಾಬಿ ತಳಿಗಳಿಗೆ ಬದುಕು ಕೊಟ್ಟವರು, ಬಿಸಿನಾಡಿನ ಗುಲಾಬಿಗಳನ್ನು ಕಟ್ಟಲು ಇದನ್ನೇ ಆರಿಸಿಕೊಂಡರು. ಒಟ್ಟಾವಾದ ವಿಜ್ಞಾನಿ ಚಳಿ ಬಲ್ಲ ಕಾಡುಗಿಡವನ್ನು ಹುಡುಕಿದಂತೆ ಇವರು ನೆರೆ ಬಲ್ಲ ಕಾಡುಗಿಡವನ್ನು ಹುಡುಕಿದರು.

ಇದನ್ನೂ ಮಾಲಿಗೆ ಹೇಳಿದೆ. ನೀರಲ್ಲಿ ನಿಲ್ಲುವ ಗುಲಾಬಿ ಎಂದಾಗ ಮಾತ್ರ ಅವನು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದ. ಜೀವಮಾನವಿಡೀ ಕುಂಡದ ತಳಕ್ಕೆ ತೂತು ಕೊರೆದು, ಇಟ್ಟಿಗೆ ಚೂರು ಹಾಸಿ, ಮಳೆನೀರು ಬಸಿದುಹೋಗುವಂತೆ ನೋಡಿಕೊಂಡ ಮನುಷ್ಯ. ಹಾಗಿದ್ದರೆ ಒಂದು ಕಡ್ಡಿ ತರಿಸಿ ಬಾಬು, ಶ್ರಾವಣದಲ್ಲಿ ಊರಿಗೆ ಹೋಗಿಬರುತ್ತೇನೆ, ಎಂದ.