ಹಿತ್ತಾಳೆಯ ಭೂಗೋಳ ಮತ್ತು ಮಗುವಿನ ಪ್ರಶ್ನೆ

ಭಾಗವತದ ಪಂಚಮಸ್ಕಂಧದ ಪ್ರವಚನ ಕೇಳಿ ವಿಲೆ ಪಾರ್ಲೆಯ ಮನೆಗೆ ಮರಳಿದ ಬಾಲಕನೊಬ್ಬನು ಮೇಜಿನ ಮೇಲಿನ ಭೂಗೋಳವನ್ನು ತಿರುಗಿಸುತ್ತ, “ಅಜ್ಜಾ, ಇದರಲ್ಲಿ ಮೇರುಪರ್ವತವೆಲ್ಲಿ? ಹಾಲಿನ ಸಮುದ್ರವೆಲ್ಲಿ?” ಎಂದು ಕೇಳಿದರೆ ನಾವು ಏನು ಹೇಳಬೇಕು? ಹಾಗೆಲ್ಲ ಕೇಳಬಾರದೆಂದು ಗದರಿದರೆ ಮಗು ಪ್ರಶ್ನಿಸುವುದನ್ನು ಬಿಡುತ್ತದೆ. ಅದೆಲ್ಲ ಕಟ್ಟುಕಥೆಯೆಂದು ನಕ್ಕರೆ ಪುರಾಣ ಕೇಳುವುದನ್ನೇ ಬಿಡುತ್ತದೆ.

ಪ್ರಶ್ನೆ ಹೊಸದಲ್ಲ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯ ಗೋಲಾಧ್ಯಾಯದಲ್ಲಿ, ಭೂಮಿಯು ಆಕಾಶದಲ್ಲಿ ನಿರಾಧಾರವಾಗಿ ನಿಂತ ಗೋಳವೆಂದು ಸಾಧಿಸಿದ್ದಾರೆ. ಆಧಾರವೊಂದನ್ನು ಒಪ್ಪಿದರೆ ಅದಕ್ಕೆ ಮತ್ತೊಂದು ಬೇಕಾಗಿ ಅನವಸ್ಥಾದೋಷ ಬರುತ್ತದೆ. ಮಹಾಗೋಳದ ಮೇಲೆ ಮನುಷ್ಯನು ಅತ್ಯಲ್ಪನಾದುದರಿಂದ ಅವನಿಗೆ ನೆಲ ಸಮತಟ್ಟಾಗಿ ತೋರುತ್ತದೆ. ಆದರೂ ಅವರು ಸಪ್ತದ್ವೀಪಗಳನ್ನು ಕೈಬಿಡಲಿಲ್ಲ. ಜಂಬೂದ್ವೀಪವನ್ನು ಗೋಳದ ಉತ್ತರಾರ್ಧದಲ್ಲೂ ಉಳಿದ ಆರನ್ನು ದಕ್ಷಿಣಾರ್ಧದಲ್ಲೂ ಇರಿಸಿದರು. ಅವರ ಗ್ರಂಥಗಳ ಅಧ್ಯಯನಕ್ಕೆಂದೇ ಮೊಮ್ಮಗ ಚಾಂಗದೇವನು ನಮ್ಮ ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿ ಮಠವೊಂದನ್ನು ಸ್ಥಾಪಿಸಿದನೆಂದು 1207ರ ಶಾಸನ ತಿಳಿಸುತ್ತದೆ.

1571ರಲ್ಲಿ ಕ್ಷೇಮಕರ್ಣನೆಂಬವನು ಹಿತ್ತಾಳೆಯ ಭೂಗೋಳವೊಂದನ್ನು ಮಾಡಿ, ಅದರ ಮೇಲೆ ಪುರಾಣೋಕ್ತ ದ್ವೀಪ ಸಮುದ್ರಗಳನ್ನು ಕೆತ್ತಿದನು. ಅದು ಇಂದು ಆಕ್ಸ್‌ಫರ್ಡಿನ ವಿಜ್ಞಾನೇತಿಹಾಸ ಸಂಗ್ರಹಾಲಯದಲ್ಲಿದೆ. ಆಕಾರ ಜ್ಯೋತಿಷಿಗಳದು, ಕೆತ್ತನೆ ಪೌರಾಣಿಕರದು. ಎರಡನ್ನೂ ಗೌರವಿಸಿದ ಕೈ ಅದು.

ಆದರೆ ಆ ಸಮನ್ವಯ ಇಂದು ನಮಗೆ ಸಾಲದು. ದಕ್ಷಿಣಾರ್ಧವನ್ನು ಹಡಗುಗಳು ಸುತ್ತಿವೆ, ಉಪಗ್ರಹಗಳು ಅಳೆದಿವೆ. ಅಲ್ಲಿ ಹಾಲಿನ ಸಮುದ್ರವಿಲ್ಲ. ಇದನ್ನು ಒಪ್ಪಲು ನಾವೇಕೆ ಅಂಜಬೇಕು? ಪ್ರತ್ಯಕ್ಷವು ತನ್ನ ವಿಷಯದಲ್ಲಿ ಉಪಜೀವ್ಯ ಪ್ರಮಾಣ, ಅದಕ್ಕೆ ವಿರುದ್ಧವಾಗಿ ಆಗಮಕ್ಕೆ ಅರ್ಥ ಹೇಳಲಾಗದು ಎಂಬ ನ್ಯಾಯದಿಂದಲೇ ಶ್ರೀಮದಾಚಾರ್ಯರು ಜಗತ್ತಿನ ಸತ್ಯತ್ವವನ್ನು ಎತ್ತಿಹಿಡಿದರು. ವಾದಸಭೆಯಲ್ಲಿ ಆಶ್ರಯಿಸಿದ ನ್ಯಾಯವನ್ನು ಮಗುವಿನ ಮುಂದೆ ಮರೆಯುವುದು ಪ್ರಾಮಾಣಿಕತೆಯಲ್ಲ.

ಹಾಗಾದರೆ ಪಂಚಮಸ್ಕಂಧ ವ್ಯರ್ಥವೇ? ಅಲ್ಲ. ಭದ್ರಾಶ್ವದಲ್ಲಿ ಹಯಗ್ರೀವ, ಹರಿವರ್ಷದಲ್ಲಿ ನರಸಿಂಹ, ಕಿಂಪುರುಷದಲ್ಲಿ ಶ್ರೀರಾಮ, ಹೀಗೆ ಒಂದೊಂದು ವರ್ಷದಲ್ಲೂ ಉಪಾಸ್ಯನಾದ ಭಗವಂತನನ್ನು ಅದು ತೋರಿಸುತ್ತದೆ. ಯಾವ ನೆಲವೂ ಅವನಿಗೆ ಹೊರತಲ್ಲ ಎಂಬುದೇ ಅದರ ತಾತ್ಪರ್ಯ. ಊರು ಬಿಟ್ಟು ಈ ಮಹಾನಗರದಲ್ಲಿ ನೆಲೆಸಿದ ನಮಗಿಂತ ಆ ಮಾತು ಇನ್ನಾರಿಗೆ ಬೇಕು?

ಆದುದರಿಂದ ಅಜ್ಜನಾದವನು, “ಈ ಗೋಳದ ಮೇಲೆ ನಾನೂ ಅವನ್ನು ಕಾಣೆ, ಮಗೂ. ಬಾ, ಭಾಗವತ ಏನು ಹೇಳಹೊರಟಿದೆಯೆಂದು ಜೊತೆಯಾಗಿ ಓದೋಣ” ಎನ್ನಲಿ. ತಿಳಿಯದುದನ್ನು ತಿಳಿಯದೆನ್ನುವುದರಿಂದ ಶ್ರದ್ಧೆಗೆ ಕುಂದಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥