ಅಡಿಟಿಪ್ಪಣಿಯ ಬೀಗ

ಪುಸ್ತಕದ ಪುಟದಲ್ಲೂ ಮೇಲು-ಕೀಳು ಇದೆ. ಮೇಲೆ ದೊಡ್ಡಕ್ಷರದಲ್ಲಿ ವಿದ್ವಾಂಸನ ಮಾತು. ಕೆಳಗೆ ಸಣ್ಣಕ್ಷರದಲ್ಲಿ ಅವನ ಸಾಲದ ಲೆಕ್ಕ. ಈ ಮಾತು ಯಾರದು, ಯಾವ ಪುಸ್ತಕದ್ದು, ಯಾವ ಪುಟದ್ದು ಅಂತ ಒಪ್ಪಿಸುವ ಜಾಗ ಅದು. 'ನನ್ನನ್ನು ನಂಬಬೇಡ, ಹೋಗಿ ನೋಡು' ಅನ್ನುವುದೇ ಅಡಿಟಿಪ್ಪಣಿಯ ನೀತಿ. ಗುರು ಹೇಳಿದ್ದನ್ನು ಕೈಕಟ್ಟಿಕೊಂಡು ಕೇಳು ಎಂದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಆ ಬಾಗಿಲಿಗೇ ಲ್ಯಾಟಿನ್ನಿನ ಬೀಗ. 'ಇಬಿಡ್' ಅಂದರೆ ಅದೇ ಜಾಗದಲ್ಲಿ. 'ಆಪ್ ಸಿಟ್' ಅಂದರೆ ಹಿಂದೆ ಹೇಳಿದ ಕೃತಿಯಲ್ಲಿ. 'ಪ್ಯಾಸಿಮ್' ಅಂದರೆ ಅಲ್ಲಲ್ಲಿ. 'ಎಟ್ ಆಲ್' ಅಂದರೆ ಮತ್ತು ಇತರರು. ಇಷ್ಟೇ! ಒಂದು ಕಾಲಕ್ಕೆ ಯುರೋಪಿನ ಚರ್ಚು, ವಿಶ್ವವಿದ್ಯಾಲಯಗಳ ಭಾಷೆ ಲ್ಯಾಟಿನ್. ದೇಶದೇಶದ ವಿದ್ವಾಂಸರಿಗೆ ಅದು ಸೇತುವೆಯೂ ಆಗಿತ್ತು. ಆಮೇಲೆ ಭಾಷೆ ಹೋಯಿತು, ಗತ್ತು ಉಳಿಯಿತು.

ಹಾಸ್ಟೆಲಿನಲ್ಲಿದ್ದಾಗ ನನಗೆ ಪುಸ್ತಕ ಕೊಳ್ಳುವ ಶಕ್ತಿ ಇರಲಿಲ್ಲ. ಒಂದೇ ಅಧ್ಯಾಯ ಜೆರಾಕ್ಸ್ ಮಾಡಿಸಿಕೊಂಡಿದ್ದೆ. ಅಡಿಯಲ್ಲಿ ಲೇಖಕನ ಹೆಸರು, 'ಆಪ್ ಸಿಟ್', ಪುಟಸಂಖ್ಯೆ. ಯಾವ ಪುಸ್ತಕ? ಅದರ ಹೆಸರಿದ್ದದ್ದು ಮೊದಲನೇ ಅಧ್ಯಾಯದಲ್ಲಿ. ನನ್ನ ಕೈಲಿದ್ದದ್ದು ನಾಲ್ಕನೆಯದು. ಆವತ್ತು ಹೊಳೆಯಿತು: ಇಡೀ ಪುಸ್ತಕ ಮನೆಯಲ್ಲಿಟ್ಟುಕೊಂಡವನಿಗಾಗಿ ಹುಟ್ಟಿದ ಪದ ಇದು.

ಕನ್ನಡದಲ್ಲಿ ಬರೆದರೆ ಆಯ್ತಲ್ಲ ಅಂತೀರಿ. ನಾವು 'ಅದೇ' ಅಂತ ಬರೀತೀವಿ, ಒಳ್ಳೇದು. ಕೆಲವರು 'ಪೂರ್ವೋಕ್ತ' ಅಂತಾರೆ. ಲ್ಯಾಟಿನ್ನಿನ ಬೀಗ ತೆಗೆದು ಸಂಸ್ಕೃತದ ಬೀಗ ಜಡಿದ ಹಾಗಾಯ್ತು.

ಬಾಬಾಸಾಹೇಬರನ್ನು ನೋಡಿ. ಶಾಲೆಯಲ್ಲಿ ಅವರಿಗೆ ಸಂಸ್ಕೃತ ಓದಲು ಬಿಡಲಿಲ್ಲ, ಪಾರ್ಸಿ ಓದಿದರು. 1946ರಲ್ಲಿ 'ಶೂದ್ರರು ಯಾರು?' ಎಂದು ಬರೆದಾಗ, ತನಗೆ ಸಂಸ್ಕೃತದ ಮೇಲೆ ಹಿಡಿತವಿಲ್ಲ ಎಂದು ಮುನ್ನುಡಿಯಲ್ಲೇ ಒಪ್ಪಿಕೊಂಡರು. ಅದರಿಂದ ತಾನು ಅನರ್ಹನಾಗುವುದಿಲ್ಲ, ಇಂಗ್ಲಿಷಿನಲ್ಲಿ ಅನುವಾದಗಳಿವೆ ಅಂದರು. ಶಾಸ್ತ್ರದ ಸಾಕ್ಷಿಗಳನ್ನು ಒಂದೊಂದಾಗಿ ಎಳೆತಂದು ಓದುಗನ ಮುಂದೆ ನಿಲ್ಲಿಸಿದರು. ಅವರಿಗೆ ಉಲ್ಲೇಖ ಒಡವೆಯಲ್ಲ, ಕಟಕಟೆ.

ಇನ್ನು 'ಎಟ್ ಆಲ್'. ಮೂವರು ಸೇರಿ ಬರೆದಿದ್ದರೂ ಮೊದಲನೆಯವರ ಹೆಸರು ಹೇಳಿ ಮಿಕ್ಕವರನ್ನು ಹೀಗೆ ಮುಗಿಸು ಎಂದು ಅಮೆರಿಕದ ಮನೋವಿಜ್ಞಾನ ಸಂಘದ 2019ರ ಕೈಪಿಡಿ ಹೇಳುತ್ತದೆ. ಹೋಗಲಿ, ಕೊನೆಯ ಪಟ್ಟಿಯಲ್ಲಾದರೂ ಅವರ ಹೆಸರು ಸಿಗುತ್ತದೆ. ಆದರೆ ರಾತ್ರಿಯೆಲ್ಲ ಕೂತು ಬೀಸುವ ಪದ ಹೇಳಿಕೊಟ್ಟ ಅವ್ವನ ಹೆಸರು ಯಾವ ಪಟ್ಟಿಯಲ್ಲಿದೆ? ಹಾಡು ಕೊಟ್ಟವಳು 'ಇತರರು', ಬರೆದುಕೊಂಡವನು ಡಾಕ್ಟರು. ಇದು ಭಾಷೆಯ ತಪ್ಪಲ್ಲ, ಲೆಕ್ಕದ ಮೋಸ. ಕನ್ನಡದಲ್ಲಿ ಬರೆದರೂ ಮೋಸ ಮೋಸವೇ.

ಷಿಕಾಗೊ ಕೈಪಿಡಿಯೇ 2017ರ ಆವೃತ್ತಿಯಲ್ಲಿ 'ಇಬಿಡ್' ಬಿಡುವುದು ಲೇಸು, ಲೇಖಕನ ಹೆಸರನ್ನೇ ಮತ್ತೆ ಚಿಕ್ಕದಾಗಿ ಕೊಡಿ ಎಂದಿತು. ದೊರೆಗಳೇ ಬೀಗ ಸಡಿಲಿಸಿದ ಮೇಲೆ ನಾವೇಕೆ ಕಾಯುತ್ತಾ ಕೂರಬೇಕು?

ಆದ್ದರಿಂದ ಬರೆಯುವ ಗೆಳೆಯರೆ, ಅಡಿಟಿಪ್ಪಣಿ ಬಿಡಬೇಡಿ. ಬಿಟ್ಟರೆ ನಾವೂ ಪುರೋಹಿತರೇ. ಪುಸ್ತಕದ ಹೆಸರು ಇನ್ನೊಂದು ಸಲ ಬರೆಯಿರಿ. ಅರ್ಧ ಸಾಲು ಹೆಚ್ಚಾಗುತ್ತೆ, ಅಷ್ಟೆ. ಹಾಡು ಕೊಟ್ಟವಳ ಹೆಸರು, ಊರು, ಕೇರಿ ಅವಳನ್ನೇ ಕೇಳಿ, ಅವಳು ಒಪ್ಪಿದರೆ ಬರೆಯಿರಿ. ಒಂದೇ ಅಧ್ಯಾಯದ ಜೆರಾಕ್ಸ್ ಹಿಡಿದು ಕೂತಿರುವ ಹುಡುಗಿಗೂ ದಾರಿ ಸಿಗಲಿ.